ಮದುವೆ ಹೂವಿಗೆ ದಾದರ್ ಸಾಕೇ?

ಮನೆಯಲ್ಲಿ ಮದುವೆ ಹತ್ತಿರ ಬಂದವರು ಇಲ್ಲಿ ನಾಲ್ಕೈದು ಮಂದಿ ಇದ್ದೀರಿ, ಅದಕ್ಕೇ ನೇರ ಹೂವಿನ ಲೆಕ್ಕಕ್ಕೆ ಬರುತ್ತೇನೆ.

ಮಂಟಪಕ್ಕೆ, ತೋರಣಕ್ಕೆ ದಾದರ್ ಪಶ್ಚಿಮದ ಮೀನಾತಾಯಿ ಠಾಕ್ರೆ ಹೂವಿನ ಮಾರ್ಕೆಟ್ಟೇ ಸರಿ. ನಸುಕಿಗೇ ಹೋಗಿ. ಚೆಂಡುಹೂವಿಗೆ ಅಲ್ಲಿ ಝೆಂಡು, ಸುಗಂಧರಾಜಕ್ಕೆ ನಿಶಿಗಂಧ ಅನ್ನಬೇಕು. ಡೆಕೋರೇಟರ್ ಒಟ್ಟು ಮೊತ್ತ ಹೇಳಿದರೆ ಒಪ್ಪಬೇಡಿ. ತಾಜಾ ಹೂ ಎಷ್ಟು, ಪ್ಲಾಸ್ಟಿಕ್ ಎಷ್ಟು ಎಂದು ಬರೆಸಿಕೊಳ್ಳಿ. ನಮಗೆ ಸಿಕ್ಕ ಪಟ್ಟಿಯಲ್ಲಿ ಮುಕ್ಕಾಲು ಪ್ಲಾಸ್ಟಿಕ್ಕೇ ಇತ್ತು!

ಮುಡಿಯುವ ಹೂವಿನ ಮಾತು ಬೇರೆ. ಮಗಳನ್ನು ಕೊಟ್ಟದ್ದು ಮರಾಠಿ ಮನೆಗೆ. ಬೀಗಿತ್ತಿ ಮೋಗ್ರಾ ಗಜ್ರಾ ಅಂದರು. ನನ್ನ ಅತ್ತೆ, ಶಂಕರಪುರ ಮಲ್ಲಿಗೆ ಇಲ್ಲದೆ ಧಾರೆಗೆ ನಾನು ನಿಲ್ಲುವುದಿಲ್ಲ ಅಂದುಬಿಟ್ಟರು. ಎಂಬತ್ತೆರಡರ ಹಠ, ಯಾರು ಎದುರಾಡುತ್ತಾರೆ? ಆ ಹೂವಿಗೆ ಕಿಲೋ ಇಲ್ಲ, ಅಟ್ಟೆ. ಸುಮಾರು 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬಾಳೆನಾರಿನಲ್ಲಿ ಕಟ್ಟಿ ಬಾಳೆಲೆಯಲ್ಲಿ ಸುತ್ತುತ್ತಾರೆ, ಹಾಗಾಗಿ ದಾರಿಯಲ್ಲಿ ಬಾಡುವುದು ಕಡಿಮೆ. ಮದುವೆಯ ದಿನಗಳಲ್ಲಿ ದರ ಏರುತ್ತದೆ, ಮೊದಲೇ ಹೇಳಿಡಿ.

ಎರಡು ಅಟ್ಟೆ ಊರಿಂದ ತರಿಸಿದೆ. ಹಣೆಗೆ ಅವರ ಮುಂಡಾವಳಿ, ಜಡೆಗೆ ನಮ್ಮ ಮಲ್ಲಿಗೆ. ಮಗಳು ಕೇಳಿದ ಆರ್ಕಿಡ್ ರಿಸೆಪ್ಷನ್ನಿಗೆ ಹೋಯಿತು. ಮಿಕ್ಕ ಮಲ್ಲಿಗೆಯನ್ನು ಅತ್ತೆಯೇ ತುಂಡು ಮಾಡಿ, ಹಾಲ್ ತುಂಬ ಓಡಾಡಿ, ಬೀಗರ ಕಡೆಯ ಹೆಂಗಸರಿಗೆಲ್ಲ ಮುಡಿಸಿದರು.