ದೀಪ ಬೆಳಗಿದರೆ ಗೊಂಬೆಗೆ ಜೀವ



ಕೊಪ್ಪಳ ತಾಲ್ಲೂಕು ಎರಡು ಬಗೆಯ ಗೊಂಬೆಗಳಿಗೆ ಹೆಸರಾಗಿದೆ. ಒಂದು ಕಿನ್ನಾಳದ ಮರದ ಗೊಂಬೆ, ಇನ್ನೊಂದು ಮೋರನಾಳದ ತೊಗಲುಗೊಂಬೆ. ಕಿನ್ನಾಳದ ಗೊಂಬೆಯನ್ನು ಗಾಜಿನ ಕಪಾಟಿನಲ್ಲಿಟ್ಟರೂ ಅದರ ಬಣ್ಣ, ಮೈಕಟ್ಟು ಪೂರ್ತಿ ಕಾಣುತ್ತವೆ. ತೊಗಲುಗೊಂಬೆಯ ಮಾತು ಬೇರೆ. ಆಡಿನ ಚರ್ಮವನ್ನು ಬೆಳಕು ದಾಟುವಷ್ಟು ತೆಳುವಾಗಿ ಹೆರೆದು, ಕತ್ತರಿಸಿ, ರಂಧ್ರ ಕೊರೆದು, ಎರಡೂ ಮಗ್ಗುಲಿಗೆ ಬಣ್ಣ ಹಚ್ಚಿ ಮಾಡುವ ಈ ಗೊಂಬೆ ಹಿಂದಿನಿಂದ ದೀಪದ ಬೆಳಕು ಬಿದ್ದಾಗಲೇ ಕಳೆಗಟ್ಟುತ್ತದೆ. ಆಡಿಸುವ ಕೈ, ಪಾತ್ರಕ್ಕೆ ತಕ್ಕಂತೆ ಬದಲಾಗುವ ದನಿ, ತಾಳ-ಮದ್ದಳೆ ಎಲ್ಲವೂ ಕೂಡಿದಾಗ ಆ ತೊಗಲು ಭೀಮನೋ ರಾವಣನೋ ಆಗುತ್ತದೆ.

ಸಂಗ್ರಹಾಲಯಗಳಿಗಿರುವ ಪೇಚೂ ಇದೇ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ತೊಗಲುಗೊಂಬೆಗಳ ಉತ್ತಮ ಸಂಗ್ರಹವಿದೆ. ಎಂ.ಎಸ್. ನಂಜುಂಡರಾವ್ ಅವರ ಆಸ್ಥೆ ಅದರ ಹಿಂದಿದೆ. ಗೊಂಬೆ ಅಲ್ಲಿ ಉಳಿಯಿತು; ಆದರೆ ಆಟವನ್ನು ಕಪಾಟಿನಲ್ಲಿ ಇಡುವುದು ಹೇಗೆ? 1923ರಲ್ಲಿ ವಾಷಿಂಗ್ಟನ್ನಿನಲ್ಲಿ ತೆರೆದ ಫ್ರೀರ್ ಕಲಾ ಸಂಗ್ರಹಾಲಯ ಇಂಥ ಪ್ರಶ್ನೆಗೆ ಒಂದು ದಾರಿ ತೋರಿದೆ. ಏಷ್ಯಾದ ಚಿತ್ರ, ಶಿಲ್ಪಗಳನ್ನು ಕಾಪಿಟ್ಟಿರುವ ಅದೇ ಕಟ್ಟಡದ ಮೇಯರ್ ಸಭಾಂಗಣದಲ್ಲಿ ಏಷ್ಯಾದ ಸಂಗೀತ, ನೃತ್ಯ, ಚಲನಚಿತ್ರಗಳ ಕಾರ್ಯಕ್ರಮಗಳೂ ನಡೆದು ಬಂದಿವೆ.

ನೆರಳಾಟಕ್ಕೆ ಏಷ್ಯಾದಲ್ಲಿ ದೊಡ್ಡ ಬಳಗವೇ ಉಂಟು. ಜಾವಾ ದ್ವೀಪದ 'ವಯಾಂಗ್ ಕುಲಿತ್' ಆಟದಲ್ಲೂ ಪಾಂಡವರು, ರಾಮ-ಲಕ್ಷ್ಮಣರು ಬರುತ್ತಾರೆ. ಅಲ್ಲಿನ ವಿದೂಷಕ ಸೆಮಾರ್; ತುರ್ಕಿಯ ನೆರಳಾಟದಲ್ಲಿ ಕರಗೋಜ್; ನಮ್ಮಲ್ಲಿ ಕಿಳ್ಳೇಕ್ಯಾತ, ಜೊತೆಗೆ ಬಂಗಾರಕ್ಕ. ವಯಾಂಗ್ 2008ರಲ್ಲೂ ಕರಗೋಜ್ 2009ರಲ್ಲೂ ಚೀನಾದ ನೆರಳಾಟ 2011ರಲ್ಲೂ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿ ಸೇರಿದವು.

ಸಿನಿಮಾ ಈ ಬಳಗಕ್ಕೆ ಹೊರಗಿನದಲ್ಲ. ಜರ್ಮನಿಯ ಲೊಟ್ಟೆ ರೈನಿಗರ್ 1926ರಲ್ಲಿ ಕತ್ತರಿಸಿದ ಆಕೃತಿಗಳ ನೆರಳಿನಿಂದಲೇ ರಾಜಕುಮಾರ ಅಹ್ಮದನ ಕಥೆಯನ್ನು ಚಿತ್ರವಾಗಿಸಿದರು. ಇಂದು ಉಳಿದಿರುವ ಪೂರ್ಣಪ್ರಮಾಣದ ಆನಿಮೇಷನ್ ಚಿತ್ರಗಳಲ್ಲಿ ಅದೇ ಅತ್ಯಂತ ಹಳೆಯದು. ಬಿಳಿ ಪರದೆ, ಬೆಳಕು, ಕತ್ತಲಲ್ಲಿ ಕುಳಿತ ಜನ ಎರಡಕ್ಕೂ ಸಮಾನ. ಆದರೆ ಸಿನಿಮಾ ಪ್ರತಿಸಲವೂ ಒಂದೇ ಮಾತು ಆಡುತ್ತದೆ. ಕಿಳ್ಳೇಕ್ಯಾತ ಊರಿಂದೂರಿಗೆ ಮಾತು ಬದಲಿಸುತ್ತಾನೆ. ಎದುರಿಗೆ ಕುಳಿತವರನ್ನೇ ಗೇಲಿ ಮಾಡಿ ನಗಿಸುತ್ತಾನೆ.

ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಪ್ರಶಸ್ತಿ ಪ್ರಕಟವಾದಾಗ ಅವರಿಗೆ ತೊಂಬತ್ತು ದಾಟಿತ್ತು. ರಾಮಾಯಣ, ಮಹಾಭಾರತಗಳ ಆಟವನ್ನು ಅವರು ವಿದೇಶಗಳಿಗೂ ಒಯ್ದವರು. ಇಂಥ ವಿದ್ಯೆ ಪುಸ್ತಕ ಓದಿ ಬರುವಂಥದ್ದಲ್ಲ. ಮನೆಮಂದಿಯೆಲ್ಲ ಪರದೆಯ ಹಿಂದೆ ಕೂರುವ ಮೇಳದಲ್ಲಿ, ಹಿರಿಯರ ಮಗ್ಗುಲಲ್ಲಿ ದನಿಗೂಡಿಸುತ್ತಲೇ ಮಕ್ಕಳು ಪದ ಕಲಿಯಬೇಕು. ಆಟವೇ ನಡೆಯದಿದ್ದರೆ ಕಲಿಕೆಯೂ ಅಲ್ಲಿಗೆ ನಿಂತಿತು.

1997ರಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳು ರಾಯಚೂರಿನಿಂದ ಬೇರೆಯಾಗಿ ಹೊಸ ಜಿಲ್ಲೆಯಾದವು. ಮಳೆ ಹೋದರೆ, ದನಕರುಗಳಿಗೆ ಜಾಡ್ಯ ಬಂದರೆ ಗೊಂಬೆ ಆಡಿಸಬೇಕೆಂಬ ನಂಬಿಕೆ ನಮ್ಮ ಹಳ್ಳಿಗಳದು. ಅದಕ್ಕೆ ಸಭಾಂಗಣ ಬೇಕಿರಲಿಲ್ಲ. ಗುಡಿಯ ಮುಂದಿನ ಬಯಲು, ನಾಲ್ಕು ಗಳ, ಒಂದು ಬಿಳಿ ಬಟ್ಟೆ ಸಾಕಿತ್ತು. ಈಗಲೂ ಅಷ್ಟೇ ಸಾಕು. ಜಾತ್ರೆಗೆ ಆರ್ಕೆಸ್ಟ್ರಾ ಕರೆಸುವ ಊರು ಒಂದು ರಾತ್ರಿಯನ್ನು ತೊಗಲುಗೊಂಬೆಗೂ ಮೀಸಲಿಡಲಿ, ಮೇಳಕ್ಕೆ ವೀಳ್ಯ ಕೊಟ್ಟು ತಕ್ಕ ಸಂಭಾವನೆ ನೀಡಲಿ. ಶಾಲೆಗಳು ಮಕ್ಕಳನ್ನು ಪರದೆಯ ಮುಂದೆ ಕೂರಿಸಿ, ಆಟ ಮುಗಿದ ಮೇಲೆ ಹಿಂದಕ್ಕೂ ಕರೆದೊಯ್ದು ತೋರಿಸಲಿ. ಸಂಗ್ರಹಾಲಯಗಳು ಗೊಂಬೆಯ ಜೊತೆಗೆ ಗೊಂಬೆರಾಮರನ್ನೂ ಕರೆಸಲಿ.