ಸಿಬಿಝಡ್ ಪದವೀಧರರು ಮತ್ತು ಓಮ್ ನಿಯಮ

ಕರ್ನಾಟಕದ ಪ್ರೌಢಶಾಲೆಗಳಲ್ಲಿ ವಿಜ್ಞಾನ ಒಂದೇ ವಿಷಯ. ಅದನ್ನು ಕಲಿಸಲು ಬರುವವರ ದಾರಿ ಮಾತ್ರ ಎರಡು: ಕೆಲವರು ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಓದಿದವರು, ಕೆಲವರು ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಓದಿದವರು. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರಗಳಲ್ಲಿ ಪಳಗಿದ ಬಿ.ಎಡ್. ಪದವೀಧರರು ಸಣ್ಣ ಶಾಲೆಗೆ ಹೋದರೆ ಹತ್ತನೆಯ ತರಗತಿಯ ವಿದ್ಯುತ್ತಿನ ಪಾಠವೂ ಅವರ ಪಾಲಿಗೇ ಬೀಳಬಹುದು. ಪಿಯುಸಿಯ ಭೌತಶಾಸ್ತ್ರ ಅಷ್ಟರಲ್ಲಿ ಐದು ವರ್ಷ ಹಿಂದಿನ ಮಾತಾಗಿರುತ್ತದೆ. ಪದವಿ ಪತ್ರದ ಜೊತೆ ಹೊರಡುವ ಅಳುಕುಗಳಲ್ಲಿ ಇದೂ ಒಂದು.

ಬೋಧನಾ ವಿಧಾನ ಗೊತ್ತಿದ್ದರೆ ಯಾವ ವಿಷಯವನ್ನಾದರೂ ಕಲಿಸಬಹುದೆಂಬ ಮಾತು ಶಿಕ್ಷಣ ವಲಯದಲ್ಲಿ ಆಗಾಗ ಕೇಳಿಬರುತ್ತದೆ. ಅದು ಅರ್ಧ ನಿಜವೂ ಅಲ್ಲ. ವಿಷಯ ಬಲ್ಲದ್ದು ಬೇರೆ, ಬೋಧನೆಯ ಸಾಮಾನ್ಯ ಸೂತ್ರಗಳನ್ನು ಬಲ್ಲದ್ದು ಬೇರೆ, ಒಂದು ನಿರ್ದಿಷ್ಟ ವಿಷಯ ಮಕ್ಕಳಿಗೆ ಎಲ್ಲಿ ತೊಡಕಾಗುತ್ತದೆಂದು ಬಲ್ಲದ್ದು ಇನ್ನೂ ಬೇರೆ ಎಂದು ಅಮೆರಿಕದ ಶಿಕ್ಷಣತಜ್ಞ ಲೀ ಶುಲ್ಮನ್ 1986ರಲ್ಲಿ ವಿಂಗಡಿಸಿ ತೋರಿಸಿದರು. ಹೊಸ ಶಿಕ್ಷಕರಿಗೆ ಹೆಚ್ಚು ಬೇಕಾದದ್ದು ಈ ಮೂರನೆಯದು. ರಜೆಯಲ್ಲಿ ಇಡೀ ಭೌತಶಾಸ್ತ್ರ ಓದಿ ಮುಗಿಸುವ ಹಂಬಲದಿಂದ ಅದು ಬರುವುದಿಲ್ಲ. ಒಂದೊಂದು ಘಟಕವನ್ನು ಹಿಡಿದು, ಪ್ರಯೋಗವನ್ನು ತರಗತಿಗೆ ಮೊದಲೇ ತಾವೇ ಮಾಡಿ ನೋಡುವುದರಿಂದ ಬರುತ್ತದೆ.

ಓಮ್ ನಿಯಮವನ್ನೇ ನೋಡಬಹುದು. ಗೆಯೋರ್ಗ್ ಓಮ್ ಕೂಡ ಕಲೋನ್ ನಗರದ ಶಾಲೆಯೊಂದರಲ್ಲಿ ಗಣಿತ, ಭೌತಶಾಸ್ತ್ರ ಕಲಿಸುತ್ತಿದ್ದವರು. ಆ ಕಾಲದ ವಿದ್ಯುತ್ಕೋಶಗಳ ವಿಭವಾಂತರ ಸ್ಥಿರವಾಗಿ ನಿಲ್ಲದೆ ಕಾಡಿದಾಗ ಅವರು ಉಷ್ಣಯುಗ್ಮ ಬಳಸಿದರು; ಫಲಿತಾಂಶ 1827ರಲ್ಲಿ ಪುಸ್ತಕವಾಗಿ ಬಂತು. ಉಪಕರಣದ ಕಾಟ ಶಾಲೆಯಲ್ಲಿ ಇಂದಿಗೂ ತಪ್ಪಿಲ್ಲ. ನಿಕ್ರೋಮ್ ತಂತಿ ಸಿಗದಿದ್ದಾಗ ಟಾರ್ಚ್ ಬಲ್ಬನ್ನೇ ಜೋಡಿಸಿ, 1.5 ವೋಲ್ಟಿನ ಶುಷ್ಕಕೋಶಗಳನ್ನು ಒಂದೊಂದಾಗಿ ಹೆಚ್ಚಿಸಿ ವಿಭವಾಂತರ ಮತ್ತು ಪ್ರವಾಹದ ನಕ್ಷೆ ಬರೆದರೆ ನಿಯಮ ಹೇಳುವ ಸರಳರೇಖೆ ಬರುವುದಿಲ್ಲ, ಬಾಗಿದ ರೇಖೆ ಬರುತ್ತದೆ. ಇದನ್ನು ಮೊದಲ ಬಾರಿಗೆ ಮಕ್ಕಳ ಎದುರಲ್ಲೇ ಕಂಡ ಶಿಕ್ಷಕರು ಪ್ರಯೋಗ ಕೆಟ್ಟಿತೆಂದು ಗಾಬರಿಯಾಗುತ್ತಾರೆ. ಕೆಟ್ಟದ್ದೇನೂ ಇಲ್ಲ. ಪ್ರವಾಹ ಹೆಚ್ಚಿದಂತೆ ಟಂಗ್‌ಸ್ಟನ್ ತಂತು ಕಾಯುತ್ತದೆ, ಕಾದಂತೆ ಅದರ ರೋಧವೂ ಏರುತ್ತದೆ. ನಿಯಮ ಅನ್ವಯಿಸುವುದು ತಾಪ ಬದಲಾಗದಿದ್ದಾಗ ಮಾತ್ರ. ಪಠ್ಯದಲ್ಲಿ ಒಂದು ಷರತ್ತಿನಂತೆ ಬಂದು ಹೋಗುವ ಈ ಮಾತು ಹಿಂದಿನ ದಿನವೇ ಕೈಯಾರೆ ಪರೀಕ್ಷಿಸಿದವರಿಗೆ ಪಾಠದ ಜೀವವಾಗುತ್ತದೆ. ಬಾಗಿದ ನಕ್ಷೆಯನ್ನು ಬಚ್ಚಿಡದೆ ಅದರಿಂದಲೇ ಪಾಠ ಶುರುಮಾಡಬಹುದು.

ಬಲ್ಬು ವಿದ್ಯುತ್ ಪ್ರವಾಹವನ್ನು ತಿಂದುಹಾಕುತ್ತದೆ ಎಂಬುದು ಮಕ್ಕಳಲ್ಲಿ ಬೇರೂರಿದ ಇನ್ನೊಂದು ನಂಬಿಕೆ. ಬಲ್ಬಿನ ಎರಡೂ ಬದಿ ಅಮ್ಮೀಟರ್ ಇಟ್ಟು ತೋರಿಸಿದರೆ ಅಳತೆ ಒಂದೇ ಬರುತ್ತದೆ. ಅಲ್ಲಿ ಬೆಳಕು, ಶಾಖವಾಗಿ ಮಾರ್ಪಡುವುದು ಶಕ್ತಿ. ಭೌತಶಾಸ್ತ್ರದಲ್ಲೇ ಮುಳುಗೆದ್ದವರಿಗೆ ಇಂಥ ಗೊಂದಲ ಎಂದೋ ಮರೆತುಹೋಗಿರುತ್ತದೆ. ಸಿಬಿಝಡ್ ಶಿಕ್ಷಕರಿಗೆ ಅದು ನಿನ್ನೆ ಮೊನ್ನೆಯದು. ದುರ್ಬಲ ವಿಷಯ ಕೊಡುವ ಏಕೈಕ ಅನುಕೂಲ ಇದು. ತಾವು ಎಡವಿದ ಜಾಗವನ್ನು ಅಂದೇ ಪಾಠ ಟಿಪ್ಪಣಿಯ ಅಂಚಿನಲ್ಲಿ ಗುರುತಿಸಿಡದಿದ್ದರೆ ಅದೂ ಕೈತಪ್ಪುತ್ತದೆ.

ಲೆಕ್ಕಗಳ ವಿಚಾರ ಸುಲಭ: ಪುಸ್ತಕದಲ್ಲಿರುವುದನ್ನೆಲ್ಲ ಮೊದಲೇ ಬಿಡಿಸಿಟ್ಟುಕೊಳ್ಳಬೇಕು, ಮಿಲಿಆಂಪಿಯರನ್ನು ಆಂಪಿಯರಿಗೆ ತರುವಲ್ಲಿ ಎಚ್ಚರವಿರಬೇಕು. ಪ್ರಶ್ನೆಗಳದ್ದು ಹಾಗಲ್ಲ. 60 ವ್ಯಾಟ್ ಮತ್ತು 100 ವ್ಯಾಟ್‌ಗಳ ತಂತು ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿದರೆ ಯಾವುದು ಹೆಚ್ಚು ಬೆಳಗುತ್ತದೆ ಎಂದು ಯಾರಾದರೂ ಕೇಳಬಹುದು. 230 ವೋಲ್ಟಿಗೆ ತಯಾರಾದ 60 ವ್ಯಾಟಿನ ಬಲ್ಬಿನ ರೋಧ ಸುಮಾರು 882 ಓಮ್, 100 ವ್ಯಾಟಿನದ್ದು 529. ಸರಣಿಯಲ್ಲಿ ಪ್ರವಾಹ ಒಂದೇ ಆದ್ದರಿಂದ 60 ವ್ಯಾಟಿನದ್ದೇ ಹೆಚ್ಚು ಬೆಳಗುತ್ತದೆ. ಉತ್ತರ ತಕ್ಷಣ ಹೊಳೆಯದಿದ್ದರೆ ಪ್ರಶ್ನೆಯನ್ನು ಹಲಗೆಯ ಮೂಲೆಯಲ್ಲಿ ಬರೆದಿಟ್ಟು ಮರುದಿನ ಉತ್ತರಿಸುವುದರಲ್ಲಿ ಅವಮಾನವಿಲ್ಲ. ಮರುದಿನ ಮರೆತರೆ ಮಾತ್ರ ಮಕ್ಕಳ ನಂಬಿಕೆ ಹೋಗುತ್ತದೆ.

ಅದೇ ಶಾಲೆಯಲ್ಲಿ ಗಣಿತ ಕಲಿಸುವ ಪಿಸಿಎಂ ಶಿಕ್ಷಕರಿಗೆ ಹೃದಯದ ನಾಲ್ಕು ಕೋಣೆಗಳ ರಕ್ತಸಂಚಾರ ವಿವರಿಸಲು ಹೇಳಿದರೆ ಅವರೂ ತಡವರಿಸಬಹುದು. ಹಾಗಾಗಿ ನೆರವು ಕೇಳಲು ಸಂಕೋಚಪಡಬೇಕಿಲ್ಲ, ಕೊಡಲು ತಮ್ಮ ಬಳಿಯೂ ಇದೆ. ಒಬ್ಬರ ಪಾಠವನ್ನು ಇನ್ನೊಬ್ಬರು ಹಿಂದಿನ ಬೆಂಚಿನಲ್ಲಿ ಕುಳಿತು ನೋಡಲು ವಾರಕ್ಕೊಂದು ಬಿಡುವಿನ ಅವಧಿ ಸಾಕು.