ಖಾನ್ ಓದಿದ ಪುಸ್ತಕ

ಕೇಳುಗರ ಪತ್ರಗಳಲ್ಲಿ ಒಂದು ಅಳುಕು ಮತ್ತೆ ಮತ್ತೆ ಕಾಣುತ್ತಿದೆ. ಇಂಗ್ಲಿಷಿನ ವೈಜ್ಞಾನಿಕ ಕಥಾಚಿತ್ರಗಳಲ್ಲಿ ಶೇಕ್ಸ್‌ಪಿಯರ್, ಮಿಲ್ಟನ್, ಮೆಲ್ವಿಲ್ ಎಲ್ಲ ಇಣುಕುತ್ತಾರಂತೆ, ನಾವು ಅವರನ್ನು ಓದಿಲ್ಲ, ಹಾಗಾದರೆ ಚಿತ್ರ ನಮಗೆ ಅರ್ಧವೇ ದಕ್ಕಿತೇ ಎಂದು.

ಖಂಡಿತ ಇಲ್ಲ. 1956ರ 'ಫರ್ಬಿಡನ್ ಪ್ಲಾನೆಟ್' ನೋಡಿ. ದೂರದ ಗ್ರಹದಲ್ಲಿ ಒಬ್ಬ ಪಂಡಿತ, ಅವನ ಮಗಳು, ಹೇಳಿದ ಕೆಲಸ ಮಾಡುವ ರೋಬೋ. 'ದಿ ಟೆಂಪೆಸ್ಟ್' ನಾಟಕದ ನೆರಳು ಅದು. ಆ ನಾಟಕದ ಕನ್ನಡ ರೂಪವಾದ ಕುವೆಂಪು ಅವರ 'ಬಿರುಗಾಳಿ' ಓದಿದವರು ಆ ಗ್ರಹದಲ್ಲಿ ನಾಟಕದ ದ್ವೀಪವನ್ನು ಥಟ್ಟನೆ ಗುರುತಿಸುತ್ತಾರೆ. ಓದದವರೂ ಚಿತ್ರದಲ್ಲಿನ ಕಣ್ಣಿಗೆ ಕಾಣದ ರಾಕ್ಷಸನಿಗೆ ಅಷ್ಟೇ ಬೆಚ್ಚುತ್ತಾರೆ.

ನನಗೆ ಸಹನೆ ತಪ್ಪುವುದು ಇನ್ನೊಂದು ನಂಬಿಕೆಯ ಬಗ್ಗೆ: ಇಂಥ ಉಲ್ಲೇಖಗಳು ನಿರ್ದೇಶಕನ ಪಾಂಡಿತ್ಯ ಪ್ರದರ್ಶನ, ಅವನ್ನು ಹೆಕ್ಕಿ ಪಟ್ಟಿ ಮಾಡಿದರೆ ಚಿತ್ರ ಅರ್ಥವಾಯಿತು ಎಂಬುದು. ಪುಸ್ತಕದ ಹೆಸರು ಹೇಳಿ ಏನು ಬಂತು? ಆ ಪುಸ್ತಕವನ್ನು ಪಾತ್ರ ಹೇಗೆ ಓದಿಕೊಂಡಿದೆ, ಅದನ್ನು ನೋಡಿ.

1982ರ 'ಸ್ಟಾರ್ ಟ್ರೆಕ್: ದಿ ರಾತ್ ಆಫ್ ಖಾನ್'. ನಿರ್ದೇಶಕ ನಿಕೋಲಸ್ ಮೇಯರ್. ಬಾಹ್ಯಾಕಾಶ ನೌಕೆಯ ನಾಯಕ ಕರ್ಕ್ ತನ್ನನ್ನು ಬಿಟ್ಟುಹೋದ ಗ್ರಹದಲ್ಲಿ ಖಳನಾಯಕ ಖಾನ್ ಹದಿನೈದು ವರ್ಷ ಕಳೆದಿದ್ದಾನೆ. ಅವನ ಬಿಡಾರದ ಕಪಾಟಿನ ಮೇಲೆ ಕ್ಯಾಮೆರಾ ಹಾಯುತ್ತದೆ: 'ಮೊಬಿ ಡಿಕ್', 'ಕಿಂಗ್ ಲಿಯರ್', 'ಪ್ಯಾರಡೈಸ್ ಲಾಸ್ಟ್'. ಮುಂದೆ ಖಾನ್‌ಗೆ ಹಡಗು ಸಿಗುತ್ತದೆ. ಸಂಗಾತಿ ಜೋಕಿಮ್ ಹೇಳುತ್ತಾನೆ, ಸೆರೆ ತಪ್ಪಿತು, ಎಲ್ಲಿಗೆ ಬೇಕಾದರೂ ಹೋಗಬಹುದು, ಕರ್ಕ್‌ನ ಗೊಡವೆ ಇನ್ನೇಕೆ? ಮೆಲ್ವಿಲ್ ಬರೆದ 1851ರ ಕಾದಂಬರಿ 'ಮೊಬಿ ಡಿಕ್'ನಲ್ಲಿ ಸ್ಟಾರ್‌ಬಕ್ ತನ್ನ ಕ್ಯಾಪ್ಟನ್ ಏಹಬ್‌ನನ್ನು ತಡೆಯುವುದೂ ಹೀಗೆಯೇ. ಖಾನ್ ಉತ್ತರಿಸುವುದು ಏಹಬ್‌ನದೇ ಮಾತುಗಳಲ್ಲಿ. ಭೂಮಿಯ ಭೂಶಿರಗಳಿದ್ದ ಕಡೆ ನಕ್ಷತ್ರಲೋಕದ ಹೆಸರು ಹಾಕಿಕೊಂಡು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಮೊಬಿ ಡಿಕ್ ಎಂಬ ತಿಮಿಂಗಿಲದ ಬೆನ್ನು ಹತ್ತಿದ ಏಹಬ್ ಹಡಗನ್ನೂ ಜನರನ್ನೂ ಮುಳುಗಿಸಿದ, ಉಳಿದವನು ಒಬ್ಬನೇ. ಖಾನ್ ಅದನ್ನು ಓದಿದ್ದಾನೆ. ಬಾಯಿಪಾಠವೇ ಇದೆ. ಕಥೆಯ ಕೊನೆ ಗೊತ್ತಿದ್ದೂ ಅವನು ಏಹಬ್‌ನ ಮಾತನ್ನೇ ಆರಿಸಿಕೊಂಡ, ಸ್ಟಾರ್‌ಬಕ್‌ನದನ್ನು ಬಿಟ್ಟ. ಮತ್ತೆ ಹೇಳುತ್ತೇನೆ: ಓದಿದ್ದಾನೆ, ಬಲ್ಲ, ಆದರೂ ಅದೇ ಗುಂಡಿಗೆ ನಡೆಯುತ್ತಾನೆ. ಸಾಯುವಾಗಲೂ ಏಹಬ್‌ನ ಮಾತೇ ಬಾಯಲ್ಲಿ. ಓದು ತಾನಾಗಿ ಯಾರನ್ನೂ ಕಾಯುವುದಿಲ್ಲ ಎಂಬ ಭಯಂಕರ ಸತ್ಯವನ್ನು ಈ ಚಿತ್ರದಷ್ಟು ಬಿಚ್ಚಿ ಹೇಳಿದ್ದನ್ನು ನಾನು ಬೇರೆಡೆ ಕಂಡಿಲ್ಲ. ಮೆಲ್ವಿಲ್‌ನನ್ನು ಓದುವ ಮೊದಲು ಚಿತ್ರ ನೋಡಿದಾಗ ನನಗೆ ಖಾನ್‌ನ ಹಗೆಯ ಬಿಸಿ ತಟ್ಟಿತ್ತು. ಓದಿದ ಮೇಲೆ ನೋಡಿದಾಗ ಕಾಡಿದ್ದು ಜೋಕಿಮ್‌ನ ಮುಖ.

2017ರ 'ಏಲಿಯನ್: ಕವನೆಂಟ್'ನ ಯಂತ್ರಮಾನವ ಡೇವಿಡ್ ಇದೇ ಜಾತಿಯವನು. ಅಹಂಕಾರದ ಪಾಳು ವಿಗ್ರಹದ ಮೇಲಿನ ಶೆಲ್ಲಿಯ ಕವಿತೆ ಅವನಿಗೆ ನೆನಪಿದೆ, ಆದರೆ ಅದರ ಕವಿ ಬೈರನ್ ಎನ್ನುತ್ತಾನೆ.

ಸಮಯವಾಗುತ್ತಿದೆ. ಚಿತ್ರ ಮೊದಲು ನೋಡಿ, ಪುಸ್ತಕ ಆಮೇಲೆ. ಯಾರ ಕೈಯಲ್ಲಿ ಯಾವ ಪುಸ್ತಕವಿದೆ, ಪಕ್ಕದಲ್ಲಿ ನಿಂತು ಬೇಡ ಎನ್ನುವವರು ಯಾರು, ಗಮನಿಸಿ. 'ಮೊಬಿ ಡಿಕ್' ದಪ್ಪ ಪುಸ್ತಕ. ತಿಮಿಂಗಿಲದ ಮೈಕಟ್ಟಿನ ಅಧ್ಯಾಯಗಳು ಬೇಸರವಾದರೆ ದಾಟಿಕೊಳ್ಳಿ. ಏಹಬ್‌ಗೆ ಸ್ಟಾರ್‌ಬಕ್ ಎದುರಾಡುವ 36ನೆಯ ಅಧ್ಯಾಯ, ಅಂಗಲಾಚುವ 132ನೆಯ ಅಧ್ಯಾಯ, ಇವೆರಡನ್ನು ಮಾತ್ರ ಬಿಡಬೇಡಿ.